ತೆರೇಸಾಳ ಬೆವರು

ಕಥೋಲಿಕ ಧ್ಯಾನಕೂಟಗಳಲ್ಲಿ ದೀನತೆಯ ಬಗ್ಗೆ ಪ್ರವಚನ ಮಾಡುವ ಗುರುಗಳ ಜೋಳಿಗೆಯಲ್ಲಿ ಎರಡು ಕತೆಗಳು ಹೆಚ್ಚುಕಮ್ಮಿ ಕಾಯಂ. ಪ್ರಾರ್ಥನೆಯ ಹೊತ್ತಿನಲ್ಲಿ ಇನ್ನೊಬ್ಬ ಕನ್ಯಾಸ್ತ್ರೀ ಮಾಡುತ್ತಿದ್ದ ಸದ್ದನ್ನು ಸಂಗೀತವೆಂದು ಸ್ವೀಕರಿಸಿದ್ದು ಒಂದು. ಬಟ್ಟೆ ಒಗೆಯುವಾಗ ಮುಖಕ್ಕೆ ಸಿಡಿದ ಕೊಳಕು ನೀರನ್ನು ಒರೆಸಿಕೊಳ್ಳದೆ ನಿಂತದ್ದು ಇನ್ನೊಂದು. ಎರಡೂ ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿದ್ದ ಸಂತ ತೆರೇಸಾಳ ‘ಒಂದು ಆತ್ಮದ ಕಥೆ’ಯಿಂದ ಎತ್ತಿಕೊಂಡವು. ಕತೆ ಮುಗಿಯುತ್ತಲೇ ಸಲಹೆ ಬರುತ್ತದೆ: ಆಫೀಸಿನಲ್ಲಿ ಸಾಹೇಬರು ರೇಗಿದರೆ, ಮನೆಯಲ್ಲಿ ಅತ್ತೆ ಗೊಣಗಿದರೆ, ಸಿಗ್ನಲ್ಲಿನಲ್ಲಿ ಹಿಂದಿನವನು ಹಾರನ್ ಬಾರಿಸಿದರೆ ಹೀಗೇ ಮಾಡಿ, ಮನಸ್ಸು ಹಗುರವಾಗುತ್ತದೆ. ಮಾನಸಿಕ ಒತ್ತಡಕ್ಕೆ ದೀನತೆಯೇ ಮದ್ದು ಎಂಬ ಪ್ರಚಾರಕ್ಕೆ ಈ ಹೆಣ್ಣುಮಗಳಷ್ಟು ಅನುಕೂಲವಾಗಿ ಒದಗಿದವರು ಕಡಿಮೆ.

ಅವಳ ಪುಸ್ತಕದಲ್ಲಿ ಇಂಥ ಮದ್ದು ಇಲ್ಲ. ಸದ್ದಿನ ಪ್ರಸಂಗದಲ್ಲಿ ಸದ್ದು ನಿಲ್ಲುವುದಿಲ್ಲ, ಮನಸ್ಸು ಹಗುರವಾಯಿತೆಂಬ ಮಾತೂ ಬರುವುದಿಲ್ಲ. ಬರುವುದು ಬೆವರು.

ತೆರೇಸಾಳ ಜೀವನದ ವಿವರಗಳು ಬಲ್ಲವರಿಗೆ ಹೊಸತಲ್ಲ. 1873ರಲ್ಲಿ ಹುಟ್ಟು, 1888ರ ಏಪ್ರಿಲ್‌ನಲ್ಲಿ ಹದಿನೈದರ ಹುಡುಗಿಯಾಗಿ ಮಠ ಪ್ರವೇಶ, 1897ರ ಸೆಪ್ಟೆಂಬರ್ 30ರಂದು ಕ್ಷಯದಿಂದ ಸಾವು, ಆಗ ಇಪ್ಪತ್ತನಾಲ್ಕು. 1925ರಲ್ಲಿ ಸಂತ ಪದವಿ. 1997ರಲ್ಲಿ ಎರಡನೆಯ ಜಾನ್ ಪಾಲ್ ಆಕೆಯನ್ನು ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿದರು. ಪುಸ್ತಕವೆಂದು ನಾವು ಓದುವುದು ಮೂರು ಹಸ್ತಪ್ರತಿಗಳನ್ನು ಸೇರಿಸಿ ಮಾಡಿದ್ದು. ಇಲ್ಲಿ ಬೇಕಾದದ್ದು ಮೂರನೆಯದು. ಅದನ್ನು ಆಕೆ 1897ರ ಜೂನ್‌ನಲ್ಲಿ, ಸಾಯುವುದಕ್ಕೆ ಕೆಲವೇ ತಿಂಗಳ ಮುಂಚೆ, ಮಠದ ಮುಖ್ಯಸ್ಥೆ ಮದರ್ ಮರೀ ದ ಗೊನ್‌ಝಾಗ್ ಅವರನ್ನು ಉದ್ದೇಶಿಸಿ ಬರೆದಳು. ತಂದೆ ಬಳಸಿದ್ದ ಗಾಲಿಕುರ್ಚಿಯಲ್ಲಿ ತೋಟದ ಮರದಡಿ ಕೂತು ಬರೆಯುವ ಕೆಲಸ. ಹುಲ್ಲು ಕೊಯ್ಯುವ ಸೋದರಿಯರು, ಪಾಪ ಒಂಟಿಯಾಗಿ ಕೂತಿದ್ದಾಳೆಂದು, ಬಂದು ಬಂದು ಮಾತಾಡಿಸುತ್ತಾರೆ. ಹತ್ತು ಸಾಲು ಒಟ್ಟಿಗೆ ಬರೆಯಲು ಬಿಡುತ್ತಿಲ್ಲ ಎಂದು ಆಕೆ ನಗುತ್ತಲೇ ದೂರುತ್ತಾಳೆ. ಕಿರಿಕಿರಿಯ ಕುರಿತ ಈ ಪುಟಗಳು ಕಿರಿಕಿರಿಯ ನಡುವೆಯೇ ಹುಟ್ಟಿದವು.

ಸದ್ದಿನ ಪ್ರಸಂಗ ಒಂದು ಪುಟದಷ್ಟೂ ಇಲ್ಲ. ಸಂಜೆಯ ಮೌನಧ್ಯಾನದಲ್ಲಿ ತೆರೇಸಾಳ ಜಾಗ ಒಬ್ಬ ಸೋದರಿಯ ಮುಂದೆ. ಆ ಸೋದರಿಗೆ ದೇವರು ಬಹಳ ಬೆಳಕು ಕೊಟ್ಟಿರಬೇಕು, ಏಕೆಂದರೆ ಧ್ಯಾನಕ್ಕೆ ಪುಸ್ತಕ ಹಿಡಿಯುವುದೇ ಅಪರೂಪ ಎಂದು ಆಕೆ ಶುರುಮಾಡುತ್ತಾಳೆ. ಹೊಗಳಿಕೆಯಂತೆ ಕೇಳಿಸುವ ಈ ಮಾತಿನಲ್ಲಿ ಸಣ್ಣ ಚುಚ್ಚು ಇದೆ. ಬಂದು ಕೂತೊಡನೆ ಆ ಸೋದರಿಯಿಂದ ಒಂದು ವಿಚಿತ್ರ ಸದ್ದು, ಎರಡು ಚಿಪ್ಪುಗಳನ್ನು ಒಂದಕ್ಕೊಂದು ಉಜ್ಜಿದಂತೆ. ತೆರೇಸಾಳ ಕಿವಿ ಅತಿ ಸೂಕ್ಷ್ಮ, ಅವಳೊಬ್ಬಳಿಗೇ ಕೇಳಿಸುತ್ತದೆ. ತಿರುಗಿ ದುರುಗುಟ್ಟಿ ನೋಡಿದ್ದರೆ ಸಾಕಿತ್ತು, ಸೋದರಿಗೆ ಗೊತ್ತಾಗುತ್ತಿತ್ತು. ತಿರುಗುವುದಿಲ್ಲ. ಸದ್ದನ್ನು ಮರೆತು ದೇವರಲ್ಲಿ ಮನಸ್ಸಿಡಲು ನೋಡುತ್ತಾಳೆ, ಯಾವುದೂ ಫಲಿಸುವುದಿಲ್ಲ. ಮೈಯೆಲ್ಲ ಬೆವರುತ್ತದೆ. ಆ ಬೆವರಿನಲ್ಲೇ, ಸಿಡುಕಿಲ್ಲದೆ ಇದನ್ನು ಅನುಭವಿಸುವುದು ಹೇಗೆಂದು ಹುಡುಕುತ್ತಾಳೆ. ಕೊನೆಗೆ ಕೇಳಿಸದಿರಲಿ ಎಂಬ ಪ್ರಯತ್ನ ಬಿಟ್ಟು ಚೆನ್ನಾಗಿ ಕೇಳಲು ತೊಡಗುತ್ತಾಳೆ, ಸಂಗೀತ ಕಛೇರಿಗೆ ಕೂತವರ ಹಾಗೆ. ಆ ಕಛೇರಿಯನ್ನು ಯೇಸುವಿಗೆ ಅರ್ಪಿಸುವುದರಲ್ಲೇ ಆ ಹೊತ್ತಿನ ಧ್ಯಾನ ಕಳೆಯುತ್ತದೆ.

ಇಲ್ಲೊಂದು ಆವರಣದ ಮಾತು ಇದೆ, ಪ್ರವಚನಗಳಲ್ಲಿ ಸದಾ ಬಿಟ್ಟುಹೋಗುವುದು ಅದೇ. ತನ್ನದು ‘ಪ್ರಶಾಂತ ಪ್ರಾರ್ಥನೆ’ಯಂತೂ ಆಗಿರಲಿಲ್ಲ ಎನ್ನುತ್ತಾಳೆ ಆಕೆ. ಕಾರ್ಮೆಲ್ ಮಠದೊಳಗಿನವರಿಗೆ ಇದು ನಗೆಚಟಾಕಿ. ಹದಿನಾರನೆಯ ಶತಮಾನದ ಆವಿಲಾದ ತೆರೇಸಾ, ಈ ಪರಂಪರೆಯ ಮೂಲಗುರು, ಪ್ರಾರ್ಥನೆಯ ಮೆಟ್ಟಿಲುಗಳಲ್ಲಿ ಒಂದಕ್ಕೆ ಇಟ್ಟ ಹೆಸರು ಅದು. ಆತ್ಮ ದೇವರಲ್ಲಿ ಸುಮ್ಮನೆ ನೆಲೆಯಾಗುವ ಸ್ಥಿತಿ. ಕ್ಷಯರೋಗಿಯಾದ ಈ ಕಿರಿಯ ತೆರೇಸಾ ದೊಡ್ಡ ತೆರೇಸಾಳ ಮೆಟ್ಟಿಲಿನ ಹೆಸರು ಹಿಡಿದುಕೊಂಡು, ತಾನು ಅದನ್ನು ಹತ್ತಲಿಲ್ಲ ಎಂದು ಮುಖ್ಯಸ್ಥೆಗೇ ಬರೆಯುತ್ತಾಳೆ. ಶಾಂತಿ ಸಿಗಲಿಲ್ಲ ಎಂದು ಲೇಖಕಿಯೇ ಹೇಳಿರುವಾಗ ಅದೇ ಪುಟದಿಂದ ಶಾಂತಿಯ ಉಪಾಯ ತೆಗೆದು ಹಂಚುವುದು ಜಾಣ ಓದಲ್ಲ.

ತಪ್ಪು ಪ್ರವಚನಕಾರರೊಬ್ಬರದೇ ಅಲ್ಲ, ಅದು 1898ರಲ್ಲೇ ಶುರುವಾಯಿತು. ಹಸ್ತಪ್ರತಿಗಳನ್ನು ಮುದ್ರಣಕ್ಕೆ ಸಿದ್ಧಪಡಿಸಿದವಳು ತೆರೇಸಾಳ ಅಕ್ಕ ಪೋಲಿನ್, ಮಠದಲ್ಲಿ ಮದರ್ ಆಗ್ನೆಸ್. ತಿದ್ದುವ ಅಧಿಕಾರವನ್ನು ತಂಗಿಯೇ ಕೊಟ್ಟಿದ್ದಳು, ಅಕ್ಕ ಧಾರಾಳವಾಗಿ ಬಳಸಿದಳು. 1956ರಲ್ಲಿ ಫಾದರ್ ಫ್ರಾನ್ಸ್ವಾ ದ ಸಾಂತ್ ಮರೀ ಮೂಲ ಹಸ್ತಪ್ರತಿಗಳ ಪಡಿಯಚ್ಚನ್ನು ಹೊರತಂದಾಗ ಬದಲಾವಣೆಗಳ ಲೆಕ್ಕ ಸಾವಿರಗಳಲ್ಲಿ ನಿಂತಿತು. ಸದ್ದಿನ ಪ್ರಸಂಗಕ್ಕೆ ಆದದ್ದನ್ನು ನೋಡಿ. ಹಳೆಯ ಮುದ್ರಣದಲ್ಲಿ ಚಿಪ್ಪುಗಳು ಮಾಯ. ಅವುಗಳ ಜಾಗದಲ್ಲಿ ಜಪಸರವನ್ನೋ ಇನ್ನೇನನ್ನೋ ಸದಾ ಅಲುಗಾಡಿಸುವ ಸೋದರಿ. ಎಂಥ ಸದ್ದೆಂದು ಹೇಳಲೂ ಬಾರದ ಒಂದು ದೇಹದ ಚಟ ಭಕ್ತಿಯ ಉಪಕರಣದ ಸದ್ದಾಯಿತು. ಜಪಸರದ ಸದ್ದಿಗೆ ರೇಗುವವರು ಯಾರು? ಪುಸ್ತಕ ಹಿಡಿಯದ ಸೋದರಿಯ ಬಗೆಗಿನ ಚುಚ್ಚು ಹೋಯಿತು. ಯಾವುದೂ ಫಲಿಸಲಿಲ್ಲ ಎಂಬ ಒಪ್ಪಿಗೆಯೂ ಹೋಯಿತು.

ಇವೆಲ್ಲಕ್ಕಿಂತ ಕೆಟ್ಟದ್ದು ಕಾಲದ ಅದಲುಬದಲು. ಹಸ್ತಪ್ರತಿಯಲ್ಲಿ ನೋವು ಮತ್ತು ಹುಡುಕಾಟ ಒಟ್ಟಿಗೆ ನಡೆಯುತ್ತವೆ. ತಿದ್ದಿದ ಪಠ್ಯದಲ್ಲಿ ಮೊದಲು ಬೆವರು, ಕೊನೆಗೊಮ್ಮೆ ಉಪಾಯ. ಒಂದೇ ಕ್ಷಣದ ಒದ್ದಾಟ ಹಂತಹಂತವಾದ ಚಿಕಿತ್ಸೆಯಾಗಿಬಿಟ್ಟಿತು. ಇಂದಿನ ಒತ್ತಡ ನಿವಾರಣೆಯ ಕಿರುಪುಸ್ತಕಗಳಿಗೆ ಬೇಕಾದ ಅಚ್ಚು ಅಕ್ಕನ ಮೇಜಿನ ಮೇಲೆಯೇ ತಯಾರಾಗಿತ್ತು.

ವಿಮರ್ಶಕರು ಇದನ್ನು ಸಾಕಷ್ಟು ಕೆದಕಿಲ್ಲ. ಜರ್ಮನ್ ಲೇಖಕಿ ಇಡಾ ಗೋರೆಸ್ 1944ರಲ್ಲಿ ಬರೆದ ಜೀವನಚರಿತ್ರೆ ಈ ವಿಷಯದಲ್ಲಿ ಅತಿ ಹೆಚ್ಚು ಗೌರವ ಪಡೆದದ್ದು. ಮಠದವರು ಹಂಚಿದ ಸಿಂಗರಿಸಿದ ಚಿತ್ರಗಳ ಹಿಂದೆ ಅಡಗಿದ್ದ, ತಿದ್ದದ ಛಾಯಾಚಿತ್ರದ ಗಟ್ಟಿ ಮುಖವನ್ನು ಆಕೆ ಗುರುತಿಸಿದರು, ಸರಿ. ಆದರೆ ಮುಖದ ಸಿಂಗಾರವನ್ನು ಕಂಡವರ ಕೈಯಲ್ಲಿದ್ದದ್ದು ಸಿಂಗರಿಸಿದ ಪಠ್ಯವೇ. 1950ರಲ್ಲಿ ದೊಡ್ಡ ದೇವಶಾಸ್ತ್ರೀಯ ಅಧ್ಯಯನ ಬರೆದ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಅವರದೂ ಅದೇ ಪಾಡು. ಸಾಮಗ್ರಿಯೇ ಸಿಗದಿದ್ದವರನ್ನು ದೂರುವುದು ನ್ಯಾಯವಲ್ಲ ಎನ್ನಬಹುದು. ಹಾಗಾದರೆ ಅವರ ತೀರ್ಪುಗಳನ್ನು ಇಂದಿಗೂ ಕೊನೆಯ ಮಾತಿನಂತೆ ಉದ್ಧರಿಸುವವರನ್ನಾದರೂ ದೂರಬೇಕು.

1987ರಲ್ಲಿ ಬರೆದ ಬ್ರಿಟಿಷ್ ಲೇಖಕಿ ಮೋನಿಕಾ ಫರ್ಲಾಂಗ್ ಅವರಿಗೆ ಆ ನೆಪವೂ ಇಲ್ಲ. ಸ್ತ್ರೀವಾದಿ ಕಣ್ಣಿನಿಂದ ನೋಡಿದ ಅವರಿಗೆ ಈ ದೀನತೆ ಎಂದರೆ ಚರ್ಚು ಹೆಣ್ಣಿನಿಂದ ಬಯಸಿದ ವಿಧೇಯತೆ. ಈ ದೀನತೆಯಿಂದ ಯಾರಿಗೆ ಅನುಕೂಲ ಎಂಬ ಪ್ರಶ್ನೆ ಸರಿಯಾದದ್ದೇ, ಅದನ್ನು ಕೇಳದೆ ಈ ಪುಟಗಳನ್ನು ಓದಲೇಬಾರದು. ಆದರೆ ಅವರ ಓದಿನಲ್ಲಿ ನಗುವಿಗೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ತುಳಿಸಿಕೊಂಡವಳು ತನ್ನನ್ನು ತುಳಿದವರ ಬಗ್ಗೆ ಇಷ್ಟು ನಯವಾಗಿ ಕೊಂಕು ಬರೆಯುವುದಿಲ್ಲ. ಜೊತೆಗೆ, ಕಿರಿಯ ಸೋದರಿಯರ ತರಬೇತಿ ನೋಡಿಕೊಳ್ಳುತ್ತಿದ್ದ ಇದೇ ತೆರೇಸಾ ಅವರ ತಪ್ಪುಗಳನ್ನು ಬಿಡದೆ ತಿದ್ದುತ್ತಿದ್ದಳು. ತಾನು ಬಹಳ ಕಟ್ಟುನಿಟ್ಟು ಎಂದು ಅವರಿಗೆ ಅನಿಸುತ್ತದೆಂದು ಇದೇ ಹಸ್ತಪ್ರತಿಯಲ್ಲಿ ದಾಖಲಿಸಿದ್ದಾಳೆ. ಸುಮ್ಮನಿರುವುದೊಂದೇ ಅವಳ ಪಾಠವಾಗಿರಲಿಲ್ಲ. ಧ್ಯಾನಕೂಟದವರಿಗೂ ಫರ್ಲಾಂಗ್ ಅವರಿಗೂ ಜಗಳವಿದ್ದಂತೆ ಕಾಣುತ್ತದೆ, ಆದರೆ ತೆರೇಸಾ ತಾಳ್ಮೆಯ ಬೊಂಬೆ ಎಂಬಲ್ಲಿ ಇಬ್ಬರೂ ಒಂದೇ. ಒಬ್ಬರು ಆ ಬೊಂಬೆಗೆ ಆರತಿ ಎತ್ತುತ್ತಾರೆ, ಇನ್ನೊಬ್ಬರು ಕನಿಕರ ಪಡುತ್ತಾರೆ.

ಫರ್ಲಾಂಗ್ ಎತ್ತಿದ ಪ್ರಶ್ನೆಗೆ ಉತ್ತರ ಹುಡುಕುವವರು ಬೀಗದ ಕೈಗಳ ಪ್ರಸಂಗಕ್ಕೆ ಹೋಗಬೇಕು. ಮದರ್ ಗೊನ್‌ಝಾಗ್‌ಗೆ ಎದೆಯ ಕಾಯಿಲೆ, ಮಲಗಿದ್ದಾರೆ. ತೆರೇಸಾ ಕೀಲಿಗಳನ್ನು ಅವರ ಕೋಣೆಯಲ್ಲಿಡಲು ಹೋಗುತ್ತಾಳೆ. ನಿದ್ದೆಗೆ ಭಂಗವಾದೀತೆಂದು ಇನ್ನೊಬ್ಬ ಸೋದರಿ ಬಾಗಿಲಲ್ಲೇ ತಡೆದು ಕೀಲಿ ಕಿತ್ತುಕೊಳ್ಳಲು ನೋಡುತ್ತಾಳೆ. ಎಳೆದಾಟದಲ್ಲಿ ಮದರ್ ಎಚ್ಚರವಾಗುತ್ತಾರೆ, ಆ ಸೋದರಿ ತಪ್ಪೆಲ್ಲ ತೆರೇಸಾಳದೆಂದು ದೂರು ಕೊಡುತ್ತಾಳೆ. ತನ್ನ ಪರವಾಗಿ ಮಾತಾಡಲು ತೆರೇಸಾಳ ನಾಲಿಗೆ ತುದಿಯವರೆಗೆ ಮಾತು ಬಂದಿದೆ. ಆಡಿದರೆ ಸಮಾಧಾನ ಕೈತಪ್ಪುವುದು ಖಚಿತ, ಸುಮ್ಮನೆ ನಿಂತು ಕೇಳುವಷ್ಟು ಗುಣವೂ ತನ್ನಲ್ಲಿಲ್ಲ. ಓಡಿಬಿಡುತ್ತಾಳೆ. ಎದೆ ಹೊಡೆದುಕೊಳ್ಳುವ ರಭಸಕ್ಕೆ ದೂರ ಹೋಗಲಾಗದೆ ಮೆಟ್ಟಿಲ ಮೇಲೆ ಕುಸಿದು ಕೂರುತ್ತಾಳೆ. ಇದನ್ನು ಆಕೆ ಕರೆಯುವುದು ಗೆಲುವೆಂದು, ಆದರೆ ರಣರಂಗ ಬಿಟ್ಟು ಓಡಿದ ಸೈನಿಕನ ಗೆಲುವೆಂದು. ಇದನ್ನು ಯಾರಿಗೆ ಬರೆಯುತ್ತಿದ್ದಾಳೆ ನೆನಪಿಡಿ: ಅಂದು ಎಚ್ಚರವಾದ ಮದರ್‌ಗೇ. ಅವರ ಮನಸ್ಸಿನ ಏರಿಳಿತ ಮಠಕ್ಕೆಲ್ಲ ತಿಳಿದದ್ದು. ಬಾಗಿಲಲ್ಲಿ ಆಡದ ಪ್ರತಿವಾದವನ್ನು ಆಕೆ ಹಸ್ತಪ್ರತಿಯಲ್ಲಿ ಪೂರ್ತಿಯಾಗಿ, ನಗುನಗುತ್ತಾ, ಆಡಿ ಮುಗಿಸಿದ್ದಾಳೆ. ದೀನತೆಯ ಹೆಸರಿನಲ್ಲಿ ನಡೆದ ಈ ಸಣ್ಣ ಜಾಣತನ ಸಂತಳಿಗೆ ತಕ್ಕದ್ದೋ ಅಲ್ಲವೋ, ಬರಹಗಾರ್ತಿಗಂತೂ ತಕ್ಕದ್ದು.

ನಿಜವಾಗಿ ಕಸಿವಿಸಿ ತರುವ ಪುಟ ಬೇರೆ ಇದೆ. ಏನು ಮಾಡಿದರೂ ತನಗೆ ಹಿಡಿಸದ ಒಬ್ಬ ಸೋದರಿಗೆ ತೆರೇಸಾ ಅತ್ಯಂತ ಮಧುರವಾದ ನಗೆಯನ್ನೇ ಮೀಸಲಿಡುತ್ತಾಳೆ. ನನ್ನಲ್ಲಿ ನಿಮಗೆ ಇಷ್ಟೊಂದು ಹಿಡಿಸುವುದೇನು ಎಂದು ಆ ಸೋದರಿ ಕಣ್ಣರಳಿಸಿ ಕೇಳುವ ಮಟ್ಟಕ್ಕೆ ಅದು ಹೋಗುತ್ತದೆ. ಇಲ್ಲಿ ಒತ್ತಡ ಇಳಿದದ್ದು ಯಾರದು? ನಗುವವಳದಲ್ಲ, ಅವಳು ಒಳಗೊಳಗೇ ಹೆಣಗುತ್ತಿದ್ದಾಳೆ. ಎದುರಿನವಳು ನೆಮ್ಮದಿಯಾಗಿದ್ದಾಳೆ, ಸತ್ಯ ಗೊತ್ತಿಲ್ಲದೆ. ಇಂಥ ಮರೆಮಾಚಿದ ಪ್ರೀತಿ ಪ್ರಾಮಾಣಿಕವೇ ಎಂಬ ಪ್ರಶ್ನೆಗೆ ಪುಸ್ತಕ ಉತ್ತರಿಸುವುದಿಲ್ಲ. ಇದು ಅದರ ದೋಷ, ಭಕ್ತರು ಮೆಚ್ಚಿ ಹೇಳುವ ಗುಣವಲ್ಲ.

ಇನ್ನು ದೀನತೆ ಮಠದ ಬಾಳನ್ನು ಸುಗಮ ಮಾಡುತ್ತದೆಂಬ ನಂಬಿಕೆ. ಅದಕ್ಕೆ ಮಂಗಳೂರಿನಲ್ಲೇ ಉತ್ತರವಿದೆ. ಫ್ರಾನ್ಸಿನ ಪೋ ಪಟ್ಟಣದಿಂದ 1870ರಲ್ಲಿ ಹೊರಟು ಮಂಗಳೂರಿನಲ್ಲಿ ಕಾರ್ಮೆಲ್ ಮಠ ಕಟ್ಟಿದ ತಂಡದಲ್ಲಿ ಪ್ಯಾಲೆಸ್ತೀನಿನ ಮರಿಯಮ್ ಬವಾರ್ದಿ ಎಂಬ ಸೋದರಿ ಇದ್ದಳು. ತನ್ನನ್ನು ಏನೂ ಅಲ್ಲದವಳೆಂದೇ ಕರೆದುಕೊಳ್ಳುತ್ತಿದ್ದವಳು. 1871ರಲ್ಲಿ ಇಲ್ಲೇ ವ್ರತ ಸ್ವೀಕರಿಸಿದಳು, ಮರುವರ್ಷವೇ ಹಿರಿಯರ ಅನುಮಾನಕ್ಕೆ ಗುರಿಯಾಗಿ ಪೋ ಮಠಕ್ಕೆ ವಾಪಸು ಕಳುಹಿಸಲ್ಪಟ್ಟಳು. 2015ರಲ್ಲಿ ಸಂತಳಾದಳು ಎನ್ನುವುದು ಬೇರೆ ಮಾತು.

ಅಮೆರಿಕದ ಕಥೋಲಿಕ ಸಮಾಜಸೇವಕಿ ಡೊರೊಥಿ ಡೇ ತೆರೇಸಾಳ ಪುಸ್ತಕವನ್ನು ಮೊದಲು ಓದಿದಾಗ ಸಪ್ಪೆ ಭಕ್ತಿಯ ಗಂಜಿಯೆಂದು ಮೂಗು ಮುರಿದವರು. ಬಡವರ ಆಶ್ರಯಧಾಮಗಳ ಗದ್ದಲದಲ್ಲಿ ವರ್ಷಗಳು ಕಳೆದ ಮೇಲೆ, 1960ರಲ್ಲಿ, ತೆರೇಸಾಳ ಬಗ್ಗೆ ತಾವೇ ಒಂದು ಪುಸ್ತಕ ಪ್ರಕಟಿಸಿದರು. ಅಣುಬಾಂಬಿಗೆ ತಯಾರಿಯೆಂದು ನಡೆಸುತ್ತಿದ್ದ ನಾಗರಿಕ ರಕ್ಷಣೆಯ ಅಣಕು ಕಸರತ್ತಿಗೆ ನ್ಯೂಯಾರ್ಕಿನಲ್ಲಿ ತಲೆಬಾಗದೆ ಅದಾಗಲೇ ಜೈಲು ಕಂಡಿದ್ದರು. ಸಣ್ಣ ಕೆಲಸಗಳ ಶಕ್ತಿ ಎಂಬ ತೆರೇಸಾಳ ವಿಚಾರ ಅವರನ್ನು ಒತ್ತಡದಿಂದ ಪಾರು ಮಾಡಲಿಲ್ಲ, ಹೆಚ್ಚಿನ ಒತ್ತಡಕ್ಕೇ ಒಡ್ಡಿತು. ತೆರೇಸಾಳನ್ನು ಓದುವ ಕ್ರಮ ಡೇ ಅವರಿಗೆ ಗೊತ್ತಿತ್ತು.

ಬಟ್ಟೆ ಒಗೆಯುವ ಪ್ರಸಂಗ ಈ ವಾದಕ್ಕೆ ಅಡ್ಡ ಬರುವುದು ನಿಜ. ಅಲ್ಲಿ ಆಕೆ ಕೊಳಕು ನೀರು ಕೊನೆಗೆ ತನಗೆ ಇಷ್ಟವೇ ಆಯಿತೆಂದು, ಇಷ್ಟೊಂದು ಸಂಪತ್ತು ಸಿಗುವ ಈ ಜಾಗಕ್ಕೆ ಮತ್ತೆ ಬರುತ್ತೇನೆಂದು ಬರೆದಿದ್ದಾಳೆ. ಅದನ್ನು ಗೆಲುವಿನ ಸಾಕ್ಷಿಯೆಂದು ಓದಬಹುದು. ಬರಹವಾಗಿ ಅದು ಎರಡರಲ್ಲಿ ದುರ್ಬಲವಾದದ್ದು: ಹಾಸ್ಯ ಸ್ವಲ್ಪ ಅತಿಯಾಗಿದೆ, ದೇಹ ಮರೆಯಾಗಿದೆ, ಬೆವರಿನಂಥ ಒಂದು ಸಾಕ್ಷಿಯೂ ಇಲ್ಲ. ಧ್ಯಾನಕೂಟಗಳಿಗೆ ಅದೇ ಹೆಚ್ಚು ಪ್ರಿಯವಾದರೆ ಆಶ್ಚರ್ಯವಿಲ್ಲ.

ಹಸ್ತಪ್ರತಿಯನ್ನು ಆಧರಿಸಿ ಜಾನ್ ಕ್ಲಾರ್ಕ್ ಮಾಡಿದ ಇಂಗ್ಲಿಷ್ ಅನುವಾದ 1975ರಿಂದಲೇ ಲಭ್ಯ. ಆದರೂ ಹಕ್ಕುಸ್ವಾಮ್ಯ ಮುಗಿದಿರುವ ಹಳೆಯ ಅನುವಾದವೇ ಪುಕ್ಕಟೆಯಾಗಿ ಹರಿದಾಡುತ್ತದೆ, ಪ್ರವಚನಕ್ಕೆ ಕೈಗೆ ಸಿಗುವುದೂ ಅದೇ. ಅದರಲ್ಲಿ ಆ ಸೋದರಿ ಇನ್ನೂ ಜಪಸರವನ್ನೇ ಅಲುಗಾಡಿಸುತ್ತಿದ್ದಾಳೆ. ದೀನತೆಯ ಬಗ್ಗೆ ಮುಂದಿನ ಸಲ ಮಾತಾಡುವ ಗುರುಗಳು ಕ್ಲಾರ್ಕ್ ಅವರ ಪ್ರತಿ ತರಿಸಿಕೊಂಡು ಚಿಪ್ಪುಗಳ ಸದ್ದನ್ನು ಓದಿ ಹೇಳಲಿ, ಆವರಣದ ಮಾತನ್ನೂ ಬಿಡದೆ.