ಮಾತು ಮೀನುಗಾರರದು, ವಿವರಣೆ ಯಾರದು?

ಲುಕಿನೋ ವಿಸ್ಕಾಂತಿಯ ‘ಲಾ ತೆರ್ರಾ ತ್ರೇಮಾ’ (1948) ಶುರುವಾಗುವುದೇ ಒಂದು ಘೋಷಣೆಯಿಂದ. ಸಿಸಿಲಿಯಲ್ಲಿ ಇಟಾಲಿಯನ್ ಎಂಬುದು ಬಡವರ ಭಾಷೆಯಲ್ಲ ಎಂದು ತೆರೆಯ ಮೇಲಿನ ಬರಹ ತಿಳಿಸುತ್ತದೆ. ಇದು ಬರಿಯ ಮಾತಾಗಿ ಉಳಿಯಲಿಲ್ಲ. ಆಚಿ ತ್ರೆಜ್ಜಾ ಎಂಬ ಕಡಲೂರಿನ ಮೀನುಗಾರರೇ ಇಲ್ಲಿ ನಟರು. ನಿರ್ದೇಶಕ ಸನ್ನಿವೇಶ ಹೇಳಿದರೆ, ಅದಕ್ಕೆ ತಕ್ಕ ಮಾತನ್ನು ಅವರೇ ತಮ್ಮ ನುಡಿಯಲ್ಲಿ ಹುಡುಕಿಕೊಟ್ಟರು. ಮಿಲಾನಿನ ಕುಲೀನ ಮನೆತನದವನೊಬ್ಬ ಹೀಗೆ ಕಿವಿಗೊಟ್ಟದ್ದು ಸಣ್ಣ ಸಂಗತಿಯೇನಲ್ಲ.

ಚಿತ್ರಕ್ಕೆ ಮೂಲ ಜಿಯೊವಾನಿ ವೆರ್ಗಾನ ಕಾದಂಬರಿ ‘ಇ ಮಾಲಾವೊಲ್ಯಾ’ (1881). ಅಲ್ಲಿ ಸಾಲಕ್ಕೆ ತಂದ ಕಾಳಿನ ಸಮೇತ ದೋಣಿ ಮುಳುಗುತ್ತದೆ, ಮನೆತನ ಬೀದಿಗೆ ಬೀಳುತ್ತದೆ. ಇದ್ದ ಜಾಗ ಬಿಟ್ಟು ಏಳಲು ಹೋದವನ ಗತಿ ಇಷ್ಟೇ ಅನ್ನೋ ಧ್ವನಿ ಕಾದಂಬರಿಯ ಉದ್ದಕ್ಕೂ ಇದೆ. ವಿಸ್ಕಾಂತಿ ವಿಧಿಯ ಜಾಗದಲ್ಲಿ ಸಗಟು ವ್ಯಾಪಾರಿಗಳನ್ನು ತಂದು ನಿಲ್ಲಿಸಿದ. ಚಿತ್ರದ ನ್ತೋನಿ ಅವರ ತಕ್ಕಡಿಯನ್ನೇ ಎತ್ತಿ ಸಮುದ್ರಕ್ಕೆ ಎಸೆಯುತ್ತಾನೆ. ಮನೆ ಅಡವಿಟ್ಟು ಸ್ವಂತ ದುಡಿಮೆಗೆ ಇಳಿಯುತ್ತಾನೆ. ಬಿರುಗಾಳಿಗೆ ದೋಣಿ ಒಡೆದ ಮೇಲೆ ಉಪ್ಪಿಗೆ ಹಾಕಿದ ಮೀನನ್ನು ಅದೇ ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಗಾಳಿ ದೋಣಿಯನ್ನು ಒಡೆಯಿತು, ನಿಜ. ಮನೆಯನ್ನು ಒಡೆದದ್ದು ಮಾರುಕಟ್ಟೆ. ಈ ರೂಪಾಂತರ ರಾಜಕೀಯವಾಗಿ ದೊಡ್ಡದು.

ಆದರೆ ಇಲ್ಲೊಂದು ತೊಡಕಿದೆ. ಮೀನುಗಾರರು ಸಿಸಿಲಿಯ ನುಡಿಯಲ್ಲಿ ಮಾತಾಡುತ್ತಿರುವಾಗ ತೆರೆಯ ಹಿಂದಿನಿಂದ ನಿರೂಪಕನೊಬ್ಬ ಇಟಾಲಿಯನ್‌ನಲ್ಲಿ ವಿವರಿಸುತ್ತಾ ಹೋಗುತ್ತಾನೆ. ಅವರು ಯಾಕೆ ಬಡವರು, ಯಾಕೆ ಸೋತರು ಅನ್ನೋದನ್ನು ಅವನೇ ಹೇಳಬೇಕು! ಬಡವರದಲ್ಲ ಎಂದು ಚಿತ್ರವೇ ಸಾರಿದ ಭಾಷೆಗೆ ಅವರ ಬದುಕಿನ ಅರ್ಥ ಹೇಳುವ ಅಧಿಕಾರ ಸಿಕ್ಕಿತು. ಸಿಸಿಲಿಯಾಚೆಯ ಪ್ರೇಕ್ಷಕರಿಗೆ ಮಾತು ಅರ್ಥವಾಗದು ಎಂಬ ಸಮಾಧಾನವುಂಟು. ಆದರೆ ಅನುವಾದಿಸುವುದು ಬೇರೆ, ವ್ಯಾಖ್ಯಾನಿಸುವುದು ಬೇರೆ.

ವಿಚಿತ್ರವೆಂದರೆ, ಈ ನಿರೂಪಕನ ಅಗತ್ಯವಿಲ್ಲ ಎಂದು ಚಿತ್ರವೇ ತೋರಿಸಿಕೊಡುತ್ತದೆ. ಕೊನೆಯ ಭಾಗದಲ್ಲಿ ನ್ತೋನಿ ಒಡೆದ ದೋಣಿಯ ಬಳಿ ಪುಟ್ಟ ಹುಡುಗಿಯೊಬ್ಬಳೊಡನೆ ಮಾತಾಡುತ್ತಾನೆ. ನಾವು ಒಬ್ಬರಿಗೊಬ್ಬರು ಆಗದೆ ಬೇರೆ ದಾರಿಯಿಲ್ಲ ಅನ್ನೋದನ್ನು ಅವನು ತನ್ನ ನುಡಿಯಲ್ಲೇ ಕಂಡುಕೊಂಡಿದ್ದಾನೆ. ಆಮೇಲೆ ತಮ್ಮಂದಿರ ಜತೆ ಕೂಲಿ ಕೇಳಲು ವ್ಯಾಪಾರಿಗಳ ಮುಂದೆ ನಿಲ್ಲುತ್ತಾನೆ. ಅವರು ನಗುತ್ತಾರೆ. ಗೋಡೆಯ ಮೇಲೆ ಮುಸೊಲಿನಿಯ ಹೆಸರು ಇನ್ನೂ ಪೂರ್ತಿ ಅಳಿಸಿಲ್ಲ. ಆ ನಗುವಿನ ಎದುರು ಸುಮ್ಮನಿರುವ ನ್ತೋನಿಯ ಮುಖಕ್ಕೆ ಯಾವ ಭಾಷ್ಯ ಬೇಕು?

ದಲಿತ ವಿಮರ್ಶೆಗೆ ಈ ಚಿತ್ರ ಮುಖ್ಯವಾಗುವುದು ಇಲ್ಲಿ. ತುಳುನಾಡಿನ ಚೋಮ ಕಾದಂಬರಿಯಲ್ಲೂ (1933) ಚಲನಚಿತ್ರದಲ್ಲೂ (1975) ಕನ್ನಡದಲ್ಲೇ ಮಾತಾಡಬೇಕಾಯಿತು. ನ್ತೋನಿಗೆ ಅವನ ನುಡಿಯಾದರೂ ಸಿಕ್ಕಿತು, ಅಷ್ಟರಮಟ್ಟಿಗೆ ಅವನು ಮುಂದಿದ್ದಾನೆ. ಆದರೆ ನಮ್ಮ ಆಡುಮಾತು ಕೃತಿಯೊಳಗೆ ಬಂತು ಅಂತ ಹಿಗ್ಗಿ ಸುಮ್ಮನಾಗುವಂತಿಲ್ಲ. ಅನುಭವ ನಿಮ್ಮದು, ಅರ್ಥ ನಮ್ಮದು ಎನ್ನುವವರು ನಮ್ಮ ಪುಸ್ತಕಗಳಿಗೆ ಮುನ್ನುಡಿ ಬರೆಯುತ್ತಲೇ ಇದ್ದಾರೆ. ಕೇರಿಯವನ ನೋವನ್ನು ಕೇಳಿಸಿಕೊಳ್ಳಲು ಬಹಳ ಜನ ಸಿಗುತ್ತಾರೆ. ಅವನ ವಿಚಾರವನ್ನು ವಿಚಾರವೆಂದೇ ಕೇಳಿಸಿಕೊಂಡು ಜಗಳಕ್ಕೆ ಬರುವವರು ಬೇಕು.