ಏರಿಲ್ಲದ ಅಬ್ಬರ

ಅಮೆರಿಕದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' 2008ರಲ್ಲಿ ಹೊರಬಂದ ಗಾನಮುದ್ರಿಕೆ. ಹಾಡುಗಳೇನೋ ಸತ್ತ್ವವುಳ್ಳವೇ, ಕೆಟ್ಟದ್ದು ಮುದ್ರಣ. ಗದ್ದಲವೇ ಈ ಸಂಗೀತದ ಗುಣವಾಗಿರುವಾಗ ದೂರೇಕೆ ಎಂದು ವಾಚಕರು ಕೇಳಿಯಾರು. ಗದ್ದಲಕ್ಕೂ ಏರಿಳಿತ ಬೇಡವೆ?

ಮೆಲುದನಿಗೂ ಗಟ್ಟಿದನಿಗೂ ಇರುವ ಅಂತರವನ್ನು ಕುಗ್ಗಿಸುವುದು ಕಂಪ್ರೆಸರ್. ಗೊತ್ತಾದ ಮಿತಿಯನ್ನು ದನಿ ದಾಟದಂತೆ ತಡೆಯುವುದು ಲಿಮಿಟರ್. ಹದವರಿತು ಬಳಸಿದರೆ ಎರಡೂ ಉಪಕಾರಿಗಳೇ. ಇಲ್ಲಿಯಾದರೋ ದನಿಯ ಶಿಖರಗಳನ್ನು ಕತ್ತರಿಸಿ, ಉಳಿದುದನ್ನೆಲ್ಲ ಮಿತಿಯ ಅಂಚಿಗೇ ಎತ್ತಿ ನಿಲ್ಲಿಸಿದ್ದಾರೆ. ಲಾರ್ಸ್ ಉಲ್ರಿಚ್ಚರ ಡ್ರಮ್ಮಿನ ಪೆಟ್ಟು ಪೆಟ್ಟಾಗಿ ಕೇಳದೆ, ಕಾಗದ ಹರಿದಂತೆ ಪರಪರ ಎನ್ನುತ್ತದೆ. 'ದ ಡೇ ದಟ್ ನೆವರ್ ಕಮ್ಸ್' ಮೆಲ್ಲನೆ ಮೊದಲಾಗಿ ಕೊನೆಗೆ ಭೋರ್ಗರೆಯಬೇಕಾದ ಹಾಡು. ಭೋರ್ಗರೆಯುವ ಹೊತ್ತಿಗೆ ಏರಲು ಮೆಟ್ಟಿಲೇ ಉಳಿದಿಲ್ಲ. ದನಿ ಸಾಲದಿದ್ದರೆ ಗುಂಡಿ ತಿರುಗಿಸಲು ನಮಗೆ ಬಾರದೆ?

ಮರುಮಿಶ್ರಣ ಬೇಕೆಂದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಕೊನೆಯ ಮಾಸ್ಟರಿಂಗ್ ನಡೆಸಿದ ಟೆಡ್ ಜೆನ್ಸನ್ನರೇ, ತಮ್ಮ ಕೈಸೇರುವ ಮೊದಲೇ ದನಿಯನ್ನು ಹಿಸುಕಲಾಗಿತ್ತೆಂದು ಹೇಳಿಕೊಂಡರು. ಸ್ವಾರಸ್ಯವೆಂದರೆ, 'ಗಿಟಾರ್ ಹೀರೋ' ಎಂಬ ವಿಡಿಯೋ ಆಟಕ್ಕೆ ಒದಗಿಸಿದ ಇವೇ ಹಾಡುಗಳಲ್ಲಿ ಇಷ್ಟು ಒತ್ತಡವಿಲ್ಲ. ಅಲ್ಲಿ ಡ್ರಮ್ ಡ್ರಮ್ಮಾಗಿಯೇ ಇದೆ. ಮುದ್ರಿಕೆ ಕೊಂಡ ಕೇಳುಗನಿಗೆ ದಕ್ಕದ ಸಂಗೀತ ಆಟವಾಡುವ ಹುಡುಗನಿಗೆ ದಕ್ಕಿತು! ನಾವಂತೂ ಆಟದ ಪಾಠವನ್ನೇ ಕೇಳುತ್ತಿದ್ದೇವೆ.