ಹೇಳಿಕೆ ಮತ್ತು ಹೋಲಿಕೆ: ಮಧ್ಯಕಾಲೀನ ನಿತ್ಯಜೀವನವನ್ನು ಕುರಿತ ಗ್ರಂಥಗಳ ಪರಾಮರ್ಶೆ

1

ಹಿಂದಿನ ಕಾಲದ ಜನರು ಏನು ಉಂಡರು, ಏನು ಉಟ್ಟರು, ಹೇಗೆ ದುಡಿದರು, ಯಾವುದಕ್ಕೆ ಅಂಜಿದರು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡ ಗ್ರಂಥಗಳು ಭಾರತೀಯ ಭಾಷೆಗಳಲ್ಲಿ ಈಗ ವಿರಳವಲ್ಲ. ರಾಜವಂಶಾವಳಿಗಳಿಂದ ಬೇಸತ್ತ ಓದುಗನಿಗೆ ಇವು ಆಪ್ತವಾಗುವುದು ಸಹಜ. ಆದರೆ ಈ ಆಪ್ತತೆಯೇ ಒಂದು ತೊಡಕನ್ನೂ ತಂದೊಡ್ಡಿದೆ. ರಾಜಕೀಯ ಚರಿತ್ರೆಯ ಒಂದು ತೇದಿ ತಪ್ಪಾದರೆ ವಿದ್ವಾಂಸರು ಕೂಡಲೇ ಆಕ್ಷೇಪಿಸುತ್ತಾರೆ. ಒಂದು ತಿನಿಸಿನ ಹೆಸರನ್ನೋ ಒಂದು ಉಡುಗೆಯ ಬಗೆಯನ್ನೋ ಇಡೀ ನಾಡಿನ ರೂಢಿಯೆಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಮಧ್ಯಕಾಲೀನ ಕರ್ನಾಟಕದ ನಿತ್ಯಜೀವನವನ್ನು ಕುರಿತ ಮೂರು ಪ್ರಮುಖ ಗ್ರಂಥಗಳನ್ನು ಮುಂದಿಟ್ಟುಕೊಂಡು, ಈ ಬಗೆಯ ಅಧ್ಯಯನಗಳು ತಮ್ಮ ಆಕರಗಳನ್ನು ಓದಿರುವ ಕ್ರಮವನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ಹೊರನಾಡಿನಲ್ಲಿದ್ದು ಕನ್ನಡ ಸಂಶೋಧನೆ ನಡೆಸುವವರು ಇದಕ್ಕೆ ಏನನ್ನು ಸೇರಿಸಬಲ್ಲರೆಂಬುದನ್ನೂ ಕೊನೆಯಲ್ಲಿ ಸೂಚಿಸಿದ್ದೇವೆ.

2

ಈ ಕ್ಷೇತ್ರದಲ್ಲಿ ಮೊದಲು ನೆನೆಯಬೇಕಾದುದು ಬಿ. ಎ. ಸಾಲೆತೊರೆಯವರು ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತು 1934ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥ. ಶಾಸನ, ಕಾವ್ಯ, ವಿದೇಶೀ ಪ್ರವಾಸಿಗಳ ಬರೆಹ ಈ ಮೂರನ್ನೂ ಒಂದೆಡೆ ತಂದ ಅವರ ಪರಿಶ್ರಮ ಅಸಾಧಾರಣವಾದುದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಭಾಷಿಕ ಎಚ್ಚರದಿಂದ ಓದಿ, ಶಾಸನಗಳು ರಾಜರ ಕಾಲನಿರ್ಣಯಕ್ಕೆ ಮಾತ್ರ ಮೀಸಲಲ್ಲವೆಂಬುದನ್ನು ಸ್ಥಾಪಿಸಿತು. ಜ್ಯೋತ್ಸ್ನಾ ಕಾಮತರು 1980ರಲ್ಲಿ ದೆಹಲಿಯಿಂದ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮಧ್ಯಕಾಲೀನ ಕರ್ನಾಟಕದ ಸಾಮಾಜಿಕ ಜೀವನದ ಅಧ್ಯಯನವು ಸಾಹಿತ್ಯ ಮತ್ತು ಶಾಸನಗಳಿಗೆ ಶಿಲ್ಪದ ಸಾಕ್ಷ್ಯವನ್ನು ಜೋಡಿಸಿತು. ಈ ಮೂರು ಗ್ರಂಥಗಳಿಲ್ಲದೆ ಇಂದಿನ ಯಾವ ಸಂಶೋಧಕನೂ ಒಂದು ಹೆಜ್ಜೆ ಇಡಲಾರ. ಮುಂದಿನ ಮಾತುಗಳನ್ನು ಈ ಋಣವನ್ನು ಒಪ್ಪಿಕೊಂಡೇ ಹೇಳುತ್ತಿದ್ದೇವೆ.

ಈ ಗ್ರಂಥಗಳನ್ನೂ ಇವುಗಳ ದಾರಿಯಲ್ಲಿ ಬಂದ ಅನೇಕ ಪ್ರೌಢಪ್ರಬಂಧಗಳನ್ನೂ ಒಟ್ಟಿಗೆ ಓದಿದಾಗ ಎದ್ದು ಕಾಣುವುದು ಅಧ್ಯಾಯವಿಂಗಡಣೆಯ ಏಕರೂಪತೆ. ವಸತಿ, ಆಹಾರ, ಉಡುಗೆ, ಆಭರಣ, ಹಬ್ಬ, ಆಟ, ವಿನೋದ ಎಂಬ ತಲೆಬರೆಹಗಳು ಮತ್ತೆ ಮತ್ತೆ ಬರುತ್ತವೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಸುಮಾರು 1129ರ ‘ಮಾನಸೋಲ್ಲಾಸ’ವನ್ನು ಬಲ್ಲವರಿಗೆ ಈ ಪಟ್ಟಿ ಅಪರಿಚಿತವೆನಿಸದು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಿರುವ ಆ ಸಂಸ್ಕೃತ ಕೃತಿಯ ಮೂರನೆಯ ವಿಂಶತಿ ರಾಜನ ಉಪಭೋಗಗಳಿಗೆ ಮೀಸಲು. ಮನೆ, ಸ್ನಾನ, ವಸ್ತ್ರ, ಅನ್ನ, ಪಾನೀಯ ಎಲ್ಲವೂ ಅಲ್ಲಿ ಭೋಗದ ಬಗೆಗಳು. ಆಧುನಿಕ ಗ್ರಂಥಕಾರರು ಈ ವಿಂಗಡಣೆಯನ್ನು ಅನುಕರಿಸಿದರೆಂದು ನಾವು ಹೇಳುತ್ತಿಲ್ಲ. ಆದರೆ ಪರಿಣಾಮ ಒಂದೇ. ಉಣ್ಣುವವನ ಕಡೆಯಿಂದ ಬರೆದ ಚರಿತ್ರೆಯಲ್ಲಿ ಬೇಯಿಸಿದವರು, ಬೀಸಿದವರು, ನೀರು ಹೊತ್ತವರು ಹೊರಗೇ ಉಳಿಯುತ್ತಾರೆ. ದುಡಿಮೆಗೂ ಹಸಿವಿಗೂ ಇಂಥ ಗ್ರಂಥಗಳಲ್ಲಿ ಪ್ರತ್ಯೇಕ ಅಧ್ಯಾಯ ದೊರೆಯುವುದು ಅಪರೂಪ.

ಇದರೊಡನೆ ಪದಗಳ ತೊಡಕೂ ಇದೆ. ‘ಮಾನಸೋಲ್ಲಾಸ’ದ ‘ಇಡ್ಡರಿಕಾ’ವನ್ನು ಇಂದಿನ ಇಡ್ಲಿಯೊಡನೆ ಸಮೀಕರಿಸುವುದು ರೂಢಿಯಾಗಿದೆ. ಅಲ್ಲಿ ವರ್ಣಿತವಾಗಿರುವುದು ಉದ್ದಿನ ತಿನಿಸು. ಇಂದಿನ ಇಡ್ಲಿಯ ಅಕ್ಕಿಯ ಪಾಲು ಅದರಲ್ಲಿಲ್ಲ. ಹೆಸರು ಉಳಿದು ಪದಾರ್ಥ ಬದಲಾಗಿದೆ. ‘ಮೆಣಸು’ ಎಂಬ ಪದವೂ ಅಂಥದೇ. 1025ರ ‘ಲೋಕೋಪಕಾರ’ದಲ್ಲಾಗಲಿ 16ನೆಯ ಶತಮಾನದ ಆದಿಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಾಗಲಿ ಖಾರವೆಂದರೆ ಕರಿಮೆಣಸು, ಶುಂಠಿಗಳ ಖಾರ. ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಅಮೆರಿಕದಿಂದ ಬಂದದ್ದು. ಆದ್ದರಿಂದ ಹಳೆಯ ಪಠ್ಯದ ಅಡುಗೆಮನೆಯನ್ನು ಇಂದಿನ ಅಡುಗೆಮನೆಯ ಮೂಲಕ ಕಲ್ಪಿಸಿಕೊಂಡರೆ ಬಣ್ಣವೂ ರುಚಿಯೂ ತಪ್ಪುತ್ತವೆ.

3

ಆಕರಗಳಲ್ಲಿ ಮೊದಲು ಕಾವ್ಯವನ್ನು ನೋಡಬಹುದು. ಪುರವರ್ಣನೆ, ಋತುವರ್ಣನೆ, ಜಲಕ್ರೀಡೆ, ಮಧುಪಾನ ಮೊದಲಾದ ಅಷ್ಟಾದಶ ವರ್ಣನೆಗಳು ಮಹಾಕಾವ್ಯಕ್ಕೆ ಲಕ್ಷಣಗ್ರಂಥಗಳು ವಿಧಿಸಿದ ಅಂಗಗಳು. ನಗರ ಇಲ್ಲದ ಊರಿನಲ್ಲಿ ಕುಳಿತ ಕವಿಯೂ ನಗರವನ್ನು ವರ್ಣಿಸಲೇಬೇಕು. ಹೀಗಿರುವಾಗ ಏಳು ಅಂತಸ್ತಿನ ಉಪ್ಪರಿಗೆಯ ವರ್ಣನೆಯನ್ನು ಆ ಕಾಲದ ಗೃಹನಿರ್ಮಾಣಕ್ಕೆ ಪ್ರಮಾಣವೆಂದು ಸ್ವೀಕರಿಸುವುದು ಸಾಧುವಲ್ಲ. ಶಿಲ್ಪಕ್ಕೂ ಈ ಮಾತು ಅನ್ವಯಿಸುತ್ತದೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ದೇವಾಲಯದ ದರ್ಪಣಸುಂದರಿಯ ಉಡುಗೆ ತೊಡುಗೆಗಳನ್ನು ಹೊಯ್ಸಳ ಕಾಲದ ಸ್ತ್ರೀಯರ ವೇಷವೆಂದು ಉದಾಹರಿಸುವ ಬರೆಹಗಳಿವೆ. ಬೇಲೂರಿನ ಸುತ್ತಲಿನ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಹಾಗೆ ಅಲಂಕರಿಸಿಕೊಂಡು ಕೆಸರಿಗಿಳಿಯುತ್ತಿದ್ದರೆಂದು ಯಾರೂ ನಂಬುವುದಿಲ್ಲ; ಆದರೂ ಉದಾಹರಣೆ ಮಾತ್ರ ಮುಂದುವರಿಯುತ್ತದೆ.

ಹಾಗಾದರೆ ಕಾವ್ಯವನ್ನು ಕೈಬಿಡಬೇಕೆ? ಬೇಕಾಗಿಲ್ಲ. ಕಾವ್ಯದಲ್ಲಿ ನಿತ್ಯಜೀವನವು ಕವಿ ಹೇಳಹೊರಟ ವಿಷಯದಲ್ಲಿ ಇರುವುದಕ್ಕಿಂತ ಅವನು ಹೋಲಿಕೆಗಾಗಿ ತಂದ ವಸ್ತುವಿನಲ್ಲಿ ಹೆಚ್ಚಾಗಿದೆ ಎಂಬುದು ನಮ್ಮ ಪ್ರಮೇಯ. ಉಪಮೇಯವನ್ನು ಕವಿ ಕಲ್ಪಿಸಬಹುದು. ಉಪಮಾನವು ಕೇಳುಗನಿಗೆ ಮೊದಲೇ ತಿಳಿದಿರಬೇಕು. ತಿಳಿಯದ ಉಪಮಾನದಿಂದ ಅರ್ಥ ಹೊಳೆಯುವುದಿಲ್ಲ. ಆದಕಾರಣ ಸ್ವರ್ಗದ ವರ್ಣನೆಯ ನಡುವೆ ಬಂದ ಗಾಣದ ಎತ್ತು, ಸ್ವರ್ಗಕ್ಕೆ ಪ್ರಮಾಣವಾಗದಿದ್ದರೂ ಗಾಣಕ್ಕೆ ಪ್ರಮಾಣವಾಗುತ್ತದೆ.

ಈ ದೃಷ್ಟಿಯಿಂದ ನಯಸೇನನ ‘ಧರ್ಮಾಮೃತ’ (1112) ಇನ್ನೂ ಹೆಚ್ಚಿನ ಅಧ್ಯಯನವನ್ನು ಬಯಸುವ ಕೃತಿ. ಮುಳುಗುಂದದ ಈ ಕವಿ ಜೈನಧರ್ಮದ ಮಹಿಮೆಯನ್ನು ಸಾರುವ ಕಥೆಗಳನ್ನು ಹೇಳುತ್ತಾ ಹೊಲ, ಮನೆ, ಅಂಗಡಿ, ಅಡುಗೆಗಳಿಂದ ಉಪಮೆಗಳನ್ನು ಸಾಲುಸಾಲಾಗಿ ಪೋಣಿಸುತ್ತಾನೆ. ಕನ್ನಡದೊಡನೆ ಸಂಸ್ಕೃತವನ್ನು ಬೆರೆಸುವುದನ್ನು ಅವನು ತುಪ್ಪದೊಡನೆ ಎಣ್ಣೆಯನ್ನು ಬೆರೆಸುವುದಕ್ಕೆ ಹೋಲಿಸಿದುದು ಪ್ರಸಿದ್ಧ. ಸಾಹಿತ್ಯ ಚರಿತ್ರೆಕಾರರು ಇದನ್ನು ಮಾರ್ಗ–ದೇಸಿಗಳ ಚರ್ಚೆಯಾಗಿ ಮಾತ್ರ ಓದಿದ್ದಾರೆ. ಆದರೆ ಕೇಳುಗರ ಮನೆಗಳಲ್ಲಿ ಈ ಎರಡೂ ಪರಿಚಿತವಾಗಿದ್ದವು, ಅವುಗಳ ಬೆರಕೆ ಕೂಡದೆಂಬ ಅಡುಗೆಯ ವಿವೇಕವಿತ್ತು ಎಂಬುದನ್ನೂ ಈ ಹೋಲಿಕೆ ಹೇಳುತ್ತದೆ. ಇಂಥ ಉಪಮಾನಗಳನ್ನು ವಸ್ತುವಾರು ಸಂಗ್ರಹಿಸಿದರೆ ಕವಿಯ ಪುರವರ್ಣನೆ ಕೊಡಲಾರದ ಮಾಹಿತಿ ದೊರೆಯುತ್ತದೆ.

ಈ ಪ್ರಮೇಯಕ್ಕೆ ಮಿತಿಗಳಿವೆ. ತಾವರೆಯಂಥ ಮುಖ, ಬಳ್ಳಿಯಂಥ ನಡು ಮುಂತಾದ ಪರಂಪರಾಗತ ಉಪಮಾನಗಳು ಸಂಸ್ಕೃತದ ಭಂಡಾರದಿಂದ ಬಂದವು. ಅವುಗಳಿಂದ ಊರಿನ ಕೆರೆಯಲ್ಲಿ ತಾವರೆ ಇತ್ತೆಂದು ಸಾಧಿಸಲಾಗದು. ಉಪಮಾನ ಪರಿಚಿತವಾಗಿತ್ತೆಂದರೆ ಯಾರಿಗೆ ಪರಿಚಿತವಾಗಿತ್ತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಎಲ್ಲ ಕೇಳುಗರೂ ತುಪ್ಪ ಉಂಡವರಾಗಿರಲಿಕ್ಕಿಲ್ಲ.

ಕನಕದಾಸರ ‘ರಾಮಧಾನ್ಯಚರಿತೆ’ಯನ್ನೂ ಇಲ್ಲಿ ಸ್ಮರಿಸಬಹುದು. ಭತ್ತಕ್ಕೂ ರಾಗಿಗೂ ನಡೆಯುವ ಮೇಲ್ಮೆಯ ವಾದವನ್ನು ಜಾತಿತಾರತಮ್ಯದ ರೂಪಕವೆಂದು ವಿಮರ್ಶಕರು ವಿವೇಚಿಸಿರುವುದು ಸರಿಯಾಗಿದೆ. ಆದರೆ ತೀರ್ಪು ನಿಂತಿರುವುದು ಒಂದು ವಾಸ್ತವಾಂಶದ ಮೇಲೆ. ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಬರಗಾಲದಲ್ಲಿ ಕೈಹಿಡಿಯುತ್ತದೆಂಬುದು ಒಣಬೇಸಾಯದ ನಾಡಿನ ಜನರ ಅನುಭವ. ಆ ಅನುಭವವನ್ನು ಬಲ್ಲವರಿಗೆ ರಾಮನ ತೀರ್ಪು ಪವಾಡವೆನಿಸುವುದಿಲ್ಲ. ಆಹಾರದ ಚರಿತ್ರೆಯಲ್ಲಿ ಭಕ್ಷ್ಯಗಳ ಹೆಸರಿಗಿಂತ ಕಾಳನ್ನು ಕಾಪಾಡಿಕೊಂಡ ಬಗೆಗೆ ಹೆಚ್ಚಿನ ಸ್ಥಾನ ಸಲ್ಲಬೇಕು.

4

ಕಾವ್ಯದ ಬಗ್ಗೆ ಹೇಳಿದ ಮಾತು ಬೇರೊಂದು ರೀತಿಯಲ್ಲಿ ಶಾಸನಕ್ಕೂ ಸಲ್ಲುತ್ತದೆ. ಶಾಸನ ಹುಟ್ಟುವುದೇ ನಿತ್ಯವಲ್ಲದ ಘಟನೆಯಿಂದ: ದಾನ, ಯುದ್ಧ, ಮರಣ, ಪ್ರತಿಷ್ಠೆ. 10ನೆಯ ಶತಮಾನದ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಕಾಳಿಯಂತೆ ಸಾಯದೆ ಮುದಿಯಾದ ನಾಯಿಗಳಿಗೆ ಕಲ್ಲಿಲ್ಲ. ವೇಳೆವಾಳಿ, ಗರುಡ ಮೊದಲಾದ ಆತ್ಮಬಲಿದಾನಗಳನ್ನು ಚಿದಾನಂದಮೂರ್ತಿಯವರು ವಿಶದವಾಗಿ ವಿವೇಚಿಸಿರುವುದು ಸಂಶೋಧನೆಗೆ ದೊಡ್ಡ ಕೊಡುಗೆ. ಆದರೆ ಅವು ಅಸಾಮಾನ್ಯವಾಗಿದ್ದುದರಿಂದಲೇ ಕಲ್ಲಿಗೇರಿದವು ಎಂಬುದನ್ನು ಅವರ ತರುವಾಯ ಬಂದ ಅನೇಕರು ಮರೆತಿದ್ದಾರೆ.

ಶಾಸನದಲ್ಲಿ ನಿತ್ಯಜೀವನವಿರುವುದು ಪ್ರಶಸ್ತಿಭಾಗ ಮುಗಿದು ದತ್ತಿಯ ವಿವರ ಆರಂಭವಾಗುವಲ್ಲಿ. ನಂದಾದೀವಿಗೆಗೆ ಗಾಣವೊಂದಕ್ಕೆ ಸೊಲ್ಲಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಮಗ್ಗಕ್ಕೆ ಇಷ್ಟು ತೆರೆ ಎಂಬ ಸಾಲುಗಳನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಗದ್ಯಾಣ, ಪಣ, ಹಾಗ, ವೀಸಗಳೆಂಬ ನಾಣ್ಯಗಳೂ ಕೊಳಗ, ಬಳ್ಳ, ಮಾನಗಳೆಂಬ ಅಳತೆಗಳೂ ಮತ್ತರು, ಕಂಬಗಳೆಂಬ ಭೂಮಾಪನಗಳೂ ಜೀವಂತವಾಗಿರುವುದು ಈ ಸಾಲುಗಳಲ್ಲಿಯೇ. ಭೂಮಿಯನ್ನು ಅಳೆಯುವ ಗಳೆ ಊರಿಂದೂರಿಗೆ ಬೇರೆಯಾಗಿತ್ತು. ಇಂಥ ಗಳೆಯಲ್ಲಿ ಅಳೆದದ್ದೆಂದು ಶಾಸನ ಹೆಸರಿಸಿ ಹೇಳುವುದು ಅದಕ್ಕಾಗಿ. ಎಲ್ಲ ಮತ್ತರುಗಳನ್ನೂ ಒಂದೇ ವಿಸ್ತೀರ್ಣವೆಂದು ಕೂಡಿಸಿ ಲೆಕ್ಕ ಹಾಕಿದರೆ ಫಲಿತಾಂಶ ದಾರಿತಪ್ಪಿಸುತ್ತದೆ.

ಇಂಥ ಶುಷ್ಕವಾದ ಲೆಕ್ಕದಿಂದ ಒಂದು ಜೀವನವನ್ನು ಹೇಗೆ ಓದಬಹುದೆಂಬುದಕ್ಕೆ ಯುರೋಪಿನಲ್ಲಿ ಹಳೆಯ ಮಾದರಿಯಿದೆ. ಐಲೀನ್ ಪವರ್ ಅವರ ಮಧ್ಯಯುಗದ ಜನರನ್ನು ಕುರಿತ 1924ರ ಗ್ರಂಥವು ಬೋಡೋ ಎಂಬ ರೈತನಿಂದ ಆರಂಭವಾಗುತ್ತದೆ. ಪ್ಯಾರಿಸ್ಸಿನ ಸಮೀಪದ ಮಠವೊಂದರ ಒಡೆಯನಾಗಿದ್ದ ಇರ್ಮಿನೋನನ ಕಾಲದ ಹಿಡುವಳಿ ದಾಖಲೆಯಲ್ಲಿ ಅವನ ಹೆಸರು, ಹೆಂಡತಿ ಮಕ್ಕಳ ಹೆಸರು, ಅವನು ಸಲ್ಲಿಸಬೇಕಾದ ದುಡಿಮೆ ಮತ್ತು ಕಾಣಿಕೆ ಇವಿಷ್ಟೇ ಇವೆ. ಅಷ್ಟರಿಂದಲೇ, ಅಕ್ಕಪಕ್ಕದ ದಾಖಲೆಗಳ ನೆರವಿನಿಂದ, ಲೇಖಕಿ ಅವನ ಒಂದು ದಿನವನ್ನು ಕಟ್ಟಿಕೊಡುತ್ತಾರೆ. ನಮ್ಮ ದೇವಾಲಯಗಳ ದತ್ತಿಶಾಸನಗಳಲ್ಲಿ ಹೂವಾಡಿಗ, ಕುಂಬಾರ, ಮಡಿವಾಳರಿಗೆ ನಿಗದಿಯಾದ ಭೂಮಿ ಭತ್ತಗಳ ಪಟ್ಟಿಯಿದೆ. ಅವರಲ್ಲಿ ಒಬ್ಬನ ದಿನವನ್ನಾದರೂ ಇಷ್ಟೇ ಎಚ್ಚರದಿಂದ ಬರೆಯುವುದು ಕನ್ನಡ ಸಂಶೋಧನೆಗೆ ಅಸಾಧ್ಯವೇನಲ್ಲ.

ಇಲ್ಲಿಯೂ ಒಂದು ಎಚ್ಚರ ಬೇಕು. ಗಾಣದ ಎಣ್ಣೆಯ ಲೆಕ್ಕ ಉಳಿದಿರುವುದು ಅದನ್ನು ಕೊಡಬೇಕಾಗಿದ್ದುದರಿಂದ. ಯಾವ ದುಡಿಮೆಯ ಮೇಲೆ ಹಕ್ಕು ಸ್ಥಾಪಿತವಾಯಿತೋ ಅದು ಮಾತ್ರ ಕಲ್ಲಿನ ಮೇಲೆ ಬಂದಿತು. ಹೆಂಗಸರು ಮನೆಯೊಳಗೆ ಕುಟ್ಟಿದ್ದು, ಬೀಸಿದ್ದು, ನೂತದ್ದು ತೆರೆಗೆ ಸಿಕ್ಕದೆ ದಾಖಲೆಗೂ ಸಿಕ್ಕಲಿಲ್ಲ. ವಚನಸಾಹಿತ್ಯದಲ್ಲಿ ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆಯರ ಹೆಸರುಗಳು ಆ ದುಡಿಮೆಯನ್ನೇ ಹೊತ್ತು ಬಂದಿವೆ. ಅವರವಾಗಿ ಉಳಿದಿರುವುದು ಬೆರಳೆಣಿಕೆಯ ವಚನಗಳಾದರೂ ಕದಿರು, ಕೊಟ್ಟಣಗಳು ಅನುಭಾವದ ಮಾತಿಗೆ ಉಪಮಾನವಾಗಿ ನಿಂತಿರುವುದು ಗಮನಾರ್ಹ. ವಚನಗಳ ಸಂಕಲನಕಾರ್ಯ ಬಹುಮಟ್ಟಿಗೆ ವಿಜಯನಗರದ ಕಾಲದ್ದಾದ್ದರಿಂದ ಅವುಗಳಲ್ಲಿನ ಪ್ರತಿಯೊಂದು ವಸ್ತುವನ್ನೂ 12ನೆಯ ಶತಮಾನಕ್ಕೆ ಸೇರಿಸುವಾಗ ವಿವೇಚನೆ ಅಗತ್ಯ.

5

ಇನ್ನು ನೆರೆಯ ಭಾಷೆಗಳತ್ತ. 1949ರಲ್ಲಿ ಎರಡು ಮಹತ್ವದ ಗ್ರಂಥಗಳು ಪ್ರಕಟವಾದವು: ತೆಲುಗಿನಲ್ಲಿ ಸುರವರಂ ಪ್ರತಾಪರೆಡ್ಡಿಯವರ ‘ಆಂಧ್ರುಲ ಸಾಂಘಿಕ ಚರಿತ್ರ’, ಬಂಗಾಳಿಯಲ್ಲಿ ನೀಹಾರರಂಜನ ರಾಯ್ ಅವರ ‘ಬಾಂಗಾಲೀರ್ ಇತಿಹಾಸ್’. ಮೊದಲನೆಯದಕ್ಕೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೈದರಾಬಾದಿನ ಪತ್ರಿಕಾಕರ್ತರಾಗಿದ್ದ ಪ್ರತಾಪರೆಡ್ಡಿಯವರು ಜನಜೀವನವನ್ನು ಗ್ರಂಥದ ಒಂದು ಅಧ್ಯಾಯವನ್ನಾಗಿ ಮಾಡದೆ ಇಡೀ ಗ್ರಂಥದ ವಸ್ತುವನ್ನಾಗಿ ಮಾಡಿದರು. ಕನ್ನಡದಲ್ಲಿ ಅಷ್ಟು ವ್ಯಾಪಕವಾದ, ಜನಸಾಮಾನ್ಯರೂ ಓದಿದ ಗ್ರಂಥ ಅದೇ ಕಾಲದಲ್ಲಿ ಬರಲಿಲ್ಲ.

ಪ್ರತಾಪರೆಡ್ಡಿಯವರ ಮುಖ್ಯ ಆಕರಗಳಲ್ಲಿ ಪಾಲ್ಕುರಿಕೆ ಸೋಮನಾಥನ ಕೃತಿಗಳು ಸೇರಿವೆ. ಇಲ್ಲಿಯೇ ಹೊರನಾಡ ಕನ್ನಡ ಸಂಶೋಧಕನಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಸೋಮನಾಥನ ತೆಲುಗು ‘ಬಸವಪುರಾಣ’ದ ಕಥೆ ನಡೆಯುವುದು ಕಲ್ಯಾಣದಲ್ಲಿ. ಅದನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದನು. ಒಂದೇ ಕಥೆಯಲ್ಲಿ ಬರುವ ಊಟ, ಉಡುಗೆ, ಪಾತ್ರೆ, ಕಸುಬುಗಳ ವಿವರಗಳು ಕಾಕತೀಯ ಕಾಲದ ತೆಲುಗರವೋ, ಕಲಚುರಿ ಕಾಲದ ಕನ್ನಡಿಗರವೋ, ಭೀಮಕವಿಯ ಕಾಲದವೋ? ಕಥೆ ಎಲ್ಲಿ ನಡೆಯಿತೆಂಬುದಕ್ಕಿಂತ ಯಾವ ಕೇಳುಗರಿಗೆ ಹೇಳಲಾಯಿತೆಂಬುದು ಈ ವಿಷಯದಲ್ಲಿ ನಿರ್ಣಾಯಕವೆಂದು ನಾವು ಭಾವಿಸುತ್ತೇವೆ. ಭೀಮಕವಿ ಯಾವ ವಸ್ತುವಿನ ಹೆಸರನ್ನು ಬದಲಿಸಿದ, ಯಾವುದನ್ನು ಬಿಟ್ಟ, ಯಾವ ಉಪಮಾನವನ್ನು ಹೊಸದಾಗಿ ತಂದ ಎಂಬುದನ್ನು ಸಾಲುಸಾಲಾಗಿ ಹೋಲಿಸಿ ನೋಡಿದರೆ ಉತ್ತರದ ಬಹುಭಾಗ ದೊರೆಯುತ್ತದೆ. ಈ ಕೆಲಸವನ್ನು ಎರಡೂ ಭಾಷೆಗಳನ್ನು ಬಲ್ಲ ಹೈದರಾಬಾದಿನ ಸಂಶೋಧಕರು ಮಾಡಬಲ್ಲಷ್ಟು ಸಮರ್ಪಕವಾಗಿ ಬೆಂಗಳೂರಿನಲ್ಲಿ ಕುಳಿತವರು ಮಾಡುವುದು ಕಷ್ಟ. ಅದೇ ರೀತಿ ಪುಣೆ, ಮುಂಬಯಿಗಳಲ್ಲಿರುವವರಿಗೆ 13ನೆಯ ಶತಮಾನದ ಮರಾಠಿ ಗದ್ಯಕೃತಿ ‘ಲೀಳಾಚರಿತ್ರ’ ಕೈಗೆಟುಕುವಲ್ಲಿದೆ. ಚಕ್ರಧರನ ಸಂಚಾರದ ಸಣ್ಣ ಸಣ್ಣ ಪ್ರಸಂಗಗಳಲ್ಲಿ ಯಾದವರ ಕಾಲದ ಬೀದಿ, ಮನೆ, ಭಿಕ್ಷೆ, ಊಟಗಳು ತಾವಾಗಿ ಬರುತ್ತವೆ. ಯಾದವರ ರಾಜ್ಯದಲ್ಲಿ ಕನ್ನಡ ಶಾಸನಗಳೂ ಹೇರಳವಾಗಿರುವುದರಿಂದ ಒಂದರ ಲೆಕ್ಕವನ್ನು ಇನ್ನೊಂದರ ಕಥನದೊಡನೆ ತೂಗಿ ನೋಡಲು ಅವಕಾಶವಿದೆ.

6

ಒಟ್ಟಿನಲ್ಲಿ, ನಿತ್ಯಜೀವನದ ಗ್ರಂಥಗಳು ಸಾಕ್ಷ್ಯವನ್ನು ಕಾವ್ಯದ ವರ್ಣನೆಯಿಂದ ಮತ್ತು ಶಾಸನದ ಪ್ರಶಸ್ತಿ ಹಾಗೂ ಅಪೂರ್ವ ಘಟನೆಗಳಿಂದ ಹೆಚ್ಚಾಗಿ ಪಡೆದಿವೆ. ಕಾವ್ಯದ ಉಪಮಾನ ಮತ್ತು ಶಾಸನದ ದತ್ತಿವಿವರಗಳಿಂದ ಕಡಿಮೆ ಪಡೆದಿವೆ. ಇದನ್ನು ತಿದ್ದಿಕೊಳ್ಳಲು ಮೂರು ಕೆಲಸಗಳು ಆಗಬೇಕು. ಹಳಗನ್ನಡ ಮತ್ತು ನಡುಗನ್ನಡ ಕೃತಿಗಳ ಉಪಮಾನಗಳ ವಸ್ತುವಾರು ಸೂಚಿ ಸಿದ್ಧವಾಗಬೇಕು. 1886ರಲ್ಲಿ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಿಂದ ಮೊದಲ್ಗೊಂಡು ಪ್ರಕಟವಾಗಿರುವ ಶಾಸನಗಳ ಅಳತೆ, ತೆರೆ, ಕಸುಬುಗಳ ಕೋಷ್ಟಕ ಸ್ಥಳವಾರು ಆಗಬೇಕು. ಭಾಷಾಂತರಗೊಂಡ ಮಧ್ಯಕಾಲೀನ ಕೃತಿಗಳಲ್ಲಿ ವಸ್ತುನಾಮಗಳ ತೌಲನಿಕ ಅಧ್ಯಯನ ನಡೆಯಬೇಕು. ಮೊದಲೆರಡು ಕೆಲಸಗಳಿಗೆ ದೊಡ್ಡ ಸಂಸ್ಥೆಗಳ ಬೆಂಬಲ ಬೇಕಾದೀತು. ಮೂರನೆಯದನ್ನು ಹೊರನಾಡಿನ ಯಾವುದೇ ಕನ್ನಡ ಪೀಠದ ಒಬ್ಬ ಸಂಶೋಧನ ವಿದ್ಯಾರ್ಥಿ, ಎರಡು ಗ್ರಂಥಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಇಂದೇ ಆರಂಭಿಸಬಹುದು. ಭೀಮಕವಿಯ ‘ಬಸವಪುರಾಣ’ದಿಂದ ಆರಂಭವಾಗಲೆಂದು ನಾವು ಸೂಚಿಸುತ್ತೇವೆ.